1986ರ ಜಿಪಿಎ, 1998ರ ಕ್ರಯಪತ್ರ: ಚುಂಚಘಟ್ಟದ ನಿವೇಶನ ಯಾರದ್ದಾಯಿತು, ಏಕೆ

ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಚುಂಚಘಟ್ಟ ಗ್ರಾಮದ ಒಂದು ನಿವೇಶನದ ವ್ಯಾಜ್ಯ 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್‌ನಲ್ಲಿ ಮುಗಿಯಿತು. ಒಂದೇ ನಿವೇಶನಕ್ಕೆ ಎರಡು ಕಡೆಯವರೂ ಕ್ರಯಪತ್ರ ಹಿಡಿದು ಬಂದಿದ್ದರು, ಎರಡೂ ನೋಂದಣಿಯಾದವು. ಒಂದು 1998ರದ್ದು, ಇನ್ನೊಂದು 2003ರದ್ದು. ಮೊದಲು ದುಡ್ಡು ಕೊಟ್ಟವರೂ ಮೊದಲು ನೋಂದಣಿ ಮಾಡಿಸಿದವರೂ ಒಂದೇ ಕಡೆಯವರು. ಸೋತವರೂ ಅವರೇ. ‘ನೋಂದಣಿ ಆಗಿದೆಯಲ್ಲ, ಇನ್ನೇನು ಭಯ’ ಎಂದು ನಿಶ್ಚಿಂತರಾಗಿರುವವರು ಈ ಪ್ರಕರಣವನ್ನು ಒಂದೊಂದೇ ದಿನಾಂಕ ಹಿಡಿದು ಓದಬೇಕು. ತೀರ್ಪು ಬೇಕಾದವರು 2025 ಐಎನ್‌ಎಸ್‌ಸಿ 273 ಎಂದು ಹುಡುಕಿದರೆ ಸಿಗುತ್ತದೆ. ಪಕ್ಷಕಾರರು ಖಾಸಗಿ ವ್ಯಕ್ತಿಗಳಾದ್ದರಿಂದ ಇಲ್ಲಿ ಅವರ ಹೆಸರು ಬಳಸಿಲ್ಲ.

ನಡೆದದ್ದು

1986ರ ಏಪ್ರಿಲ್ 4ರಂದು ನಿವೇಶನದ ಮೂಲ ಮಾಲೀಕರು ಒಬ್ಬ ಮಹಿಳೆಗೆ ಎರಡು ಪತ್ರ ಬರೆದುಕೊಟ್ಟರು. ಒಂದು, ‘ಹಿಂತೆಗೆದುಕೊಳ್ಳಲಾಗದ’ ಎಂದು ತಲೆಬರಹವಿದ್ದ ಜನರಲ್ ಪವರ್ ಆಫ್ ಅಟಾರ್ನಿ, ಎಲ್ಲರ ಬಾಯಲ್ಲಿ ಜಿಪಿಎ. ಇನ್ನೊಂದು, ನೋಂದಣಿಯಾಗದ ಕ್ರಯದ ಕರಾರು. ಪ್ರತಿಫಲ 10,250 ರೂಪಾಯಿ. ಶುದ್ಧ ಕ್ರಯಪತ್ರ ಆಗಲಿಲ್ಲ.

1997ರ ಜನವರಿ 30ರಂದು ಮಾಲೀಕರು ತೀರಿಕೊಂಡರು. 1998ರ ಏಪ್ರಿಲ್ 1ರಂದು, ಅಂದರೆ ಅವರು ಸತ್ತು 14 ತಿಂಗಳಾದ ಮೇಲೆ, ಜಿಪಿಎ ಪಡೆದಿದ್ದ ಮಹಿಳೆ ಅದೇ ಅಧಿಕಾರದ ಮೇಲೆ ತಮ್ಮ ಮಗನಿಗೆ 84,000 ರೂಪಾಯಿಗೆ ನೋಂದಾಯಿತ ಕ್ರಯಪತ್ರ ಮಾಡಿಕೊಟ್ಟರು.

ಐದು ವರ್ಷ ಕಳೆದು, 2003ರ ಮಾರ್ಚ್ 21ರಂದು, ಮೃತ ಮಾಲೀಕರ ವಾರಸುದಾರರು ಅದೇ ನಿವೇಶನವನ್ನು ಬೇರೊಬ್ಬರಿಗೆ 76,000 ರೂಪಾಯಿಗೆ ನೋಂದಾಯಿತ ಕ್ರಯ ಮಾಡಿದರು. ಕೊಂಡವರು ಅದೇ ವರ್ಷ ಸೆಪ್ಟೆಂಬರ್ 29ರಂದು 90,000ಕ್ಕೆ ಮತ್ತೊಬ್ಬರಿಗೆ ಮಾರಿದರು. ಆ ಮತ್ತೊಬ್ಬರು 2004ರ ಡಿಸೆಂಬರ್ 6ರಂದು ತಮ್ಮ ಮಗಳಿಗೆ ನೋಂದಾಯಿತ ದಾನಪತ್ರ ಬರೆದರು. 2007ರಲ್ಲಿ ಆ ಮಗಳು ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡಿದರು. ಜಿಪಿಎ ಕಡೆಯವರು ತಮ್ಮದೇ ಪ್ರತ್ಯೇಕ ದಾವೆ ಹಾಕಿದರು. ವಿಚಾರಣಾ ನ್ಯಾಯಾಲಯ, ಕರ್ನಾಟಕ ಹೈಕೋರ್ಟ್, ಕೊನೆಗೆ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಮೂರೂ ಕಡೆ ಜಿಪಿಎ ಕಡೆಯವರ ವಾದ ಬಿದ್ದುಹೋಯಿತು.

ಇಲ್ಲಿ ಎಲ್ಲವನ್ನೂ ನಿರ್ಧರಿಸಿದ ಪ್ರಶ್ನೆ ಒಂದೇ: 1998ರ ಏಪ್ರಿಲ್ 1ರಂದು ಸಹಿ ಹಾಕಿದ ಕೈಗೆ ಆ ನಿವೇಶನವನ್ನು ಕೊಡುವ ಹಕ್ಕು ಇತ್ತೇ? ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ. ಕೊಡುವವರ ಬಳಿ ಇರುವ ಹಕ್ಕನ್ನು ಅದು ಮುಂದಕ್ಕೆ ದಾಟಿಸುತ್ತದೆ. ಕೊಡುವವರ ಬಳಿ ಏನೂ ಇಲ್ಲದಿದ್ದರೆ ದಾಟುವುದೂ ಏನೂ ಇಲ್ಲ.

1986ರ ಏಪ್ರಿಲ್ 4ರಂದು ಏನು ದಾಟಿತು?

ಸ್ವತ್ತು ವರ್ಗಾವಣೆ ಕಾಯ್ದೆ 1882ರ 54ನೇ ಕಲಮು ನೇರವಾಗಿದೆ. ಕ್ರಯ ಎಂದರೆ ಬೆಲೆಗೆ ಪ್ರತಿಯಾಗಿ ಮಾಲೀಕತ್ವವನ್ನು ವರ್ಗಾಯಿಸುವುದು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೌಲ್ಯದ ಸ್ಥಿರಾಸ್ತಿಯಾದರೆ ಅದು ನೋಂದಾಯಿತ ಪತ್ರದಿಂದಲೇ ಆಗಬೇಕು. ಅದೇ ಕಲಮಿನ ಕೊನೆಯ ಭಾಗವನ್ನು ಬಹಳ ಜನ ಓದುವುದೇ ಇಲ್ಲ: ಕ್ರಯದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಿತವನ್ನೂ (ಅಂದರೆ ಸ್ವತ್ತಿನ ಮೇಲಿನ ಹಕ್ಕನ್ನೂ), ಯಾವ ಭಾರವನ್ನೂ ಹುಟ್ಟಿಸುವುದಿಲ್ಲ. ಪೂರ್ತಿ ಹಣ ಸಂದಿದ್ದರೂ ಈ ಮಾತು ಬದಲಾಗುವುದಿಲ್ಲ.

ಹಾಗಾದರೆ 10,250 ರೂಪಾಯಿ ಕೊಟ್ಟವರಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. ಅದು ನಿವೇಶನದ ಮೇಲಿನ ಹಕ್ಕಲ್ಲ, ಮಾಲೀಕರ ಮೇಲಿನ ಹಕ್ಕು. ‘ದುಡ್ಡು ತೆಗೆದುಕೊಂಡಿದ್ದೀರಿ, ಕ್ರಯಪತ್ರ ಮಾಡಿಕೊಡಿ’ ಎಂದು ಕೇಳುವ ಹಕ್ಕು, ಕೊಡದಿದ್ದರೆ ಕೋರ್ಟಿನ ಮೂಲಕ ಮಾಡಿಸಿಕೊಳ್ಳುವ ಹಕ್ಕು. ಮಾಲೀಕತ್ವವಾದರೆ ಇಡೀ ಜಗತ್ತಿನ ಎದುರು ನಿಲ್ಲುತ್ತದೆ, ಕಾಲದಿಂದ ತಾನಾಗಿ ಸವೆಯುವುದಿಲ್ಲ. ಕರಾರಿನ ಹಕ್ಕು ನಿಲ್ಲುವುದು ಬರೆದುಕೊಟ್ಟವರ ಎದುರು, ಅವರ ವಾರಸುದಾರರ ಎದುರು, ವಿಷಯ ಗೊತ್ತಿದ್ದೂ ಅವರಿಂದ ಕೊಂಡವರ ಎದುರು. ಅದಕ್ಕೆ ವಾಯಿದೆಯೂ, ಅಂದರೆ ದಾವೆ ಹೂಡಲು ಕಾಲಮಿತಿಯೂ ಉಂಟು.

ಜಿಪಿಎ ಇನ್ನೂ ಬೇರೆ ಬಗೆಯದು. ಅದು ವರ್ಗಾವಣೆಯ ಪತ್ರವೇ ಅಲ್ಲ. ‘ನನ್ನ ಪರವಾಗಿ ನೀನು ಸಹಿ ಹಾಕಬಹುದು’ ಎಂಬ ಒಪ್ಪಿಗೆ ಅಷ್ಟೇ. ಕೊಟ್ಟವರು ಪ್ರಧಾನರು, ಪಡೆದವರು ಅವರ ಏಜೆಂಟ್. ಏಜೆಂಟ್ ಮಾಡುವ ಕ್ರಯ ಕಾನೂನಿನ ಕಣ್ಣಿಗೆ ಪ್ರಧಾನರೇ ಮಾಡಿದ ಕ್ರಯ. ಆದ್ದರಿಂದಲೇ ಆ ಕ್ರಯದ ಹೊತ್ತಿಗೆ ಪ್ರಧಾನರು ಬದುಕಿರಬೇಕು.

1997ರ ಜನವರಿ 30: ಅಧಿಕಾರ ಮುಗಿದ ದಿನ

ಭಾರತೀಯ ಕರಾರು ಕಾಯ್ದೆ 1872ರ 201ನೇ ಕಲಮಿನಂತೆ ಪ್ರಧಾನರು ಸತ್ತರೆ ಏಜೆನ್ಸಿ ಮುಗಿಯುತ್ತದೆ. ಇದಕ್ಕೊಂದು ಅಪವಾದ 202ನೇ ಕಲಮಿನಲ್ಲಿದೆ. ಏಜೆನ್ಸಿಯ ವಿಷಯವಾದ ಸ್ವತ್ತಿನಲ್ಲಿ ಏಜೆಂಟ್‌ಗೇ ಒಂದು ಹಿತವಿದ್ದರೆ, ಆ ಹಿತಕ್ಕೆ ಧಕ್ಕೆಯಾಗುವಂತೆ ಏಜೆನ್ಸಿ ಕೊನೆಯಾಗುವುದಿಲ್ಲ. ಕಾಯ್ದೆಯೇ ಉದಾಹರಣೆ ಕೊಡುತ್ತದೆ: ‘ಅ’ ತನ್ನ ಜಮೀನು ಮಾರಿ, ಬಂದ ಹಣದಲ್ಲಿ ತಾನು ‘ಬ’ಗೆ ಕೊಡಬೇಕಾದ ಸಾಲವನ್ನು ತೀರಿಸಿಕೊಳ್ಳುವಂತೆ ‘ಬ’ಗೆ ಅಧಿಕಾರ ಕೊಟ್ಟರೆ, ‘ಅ’ ಅದನ್ನು ರದ್ದು ಮಾಡುವಂತಿಲ್ಲ, ‘ಅ’ ಸತ್ತರೂ ಅದು ಮುಗಿಯುವುದಿಲ್ಲ. ಇಲ್ಲಿ ಏಜೆಂಟ್‌ನ ಹಿತವನ್ನು ಕಾಪಾಡಲೆಂದೇ ಅಧಿಕಾರ ಕೊಟ್ಟದ್ದು, ಮತ್ತು ಅದು ಪತ್ರದಲ್ಲೇ ಕಾಣುತ್ತದೆ.

ಚುಂಚಘಟ್ಟದ ಪ್ರಕರಣದಲ್ಲಿ ಇಡೀ ಹೋರಾಟ ನಡೆದದ್ದು ಈ ಅಪವಾದದ ಸುತ್ತ. ಜಿಪಿಎ ಕಡೆಯವರ ವಾದ ಹೀಗೆ: ಜಿಪಿಎ, ಕರಾರು ಎರಡನ್ನೂ ಒಂದೇ ದಿನ, ಒಬ್ಬರೇ ಒಬ್ಬರಿಗೇ ಬರೆದಿದ್ದಾರೆ. ಎರಡನ್ನೂ ಕೂಡಿಸಿ ಓದಬೇಕು. ಹಣ ಸಂದಿದೆ, ‘ಹಿಂತೆಗೆದುಕೊಳ್ಳಲಾಗದ’ ಎಂದೂ ಬರೆದಿದೆ. ಆದ್ದರಿಂದ ಇದು ಹಿತಸಹಿತ ಜಿಪಿಎ, ಮಾಲೀಕರು ಸತ್ತರೂ ಉಳಿಯುತ್ತದೆ.

ಕೋರ್ಟ್ ಇದನ್ನು ಎರಡು ದಾರಿಯಿಂದ ಪರಿಶೀಲಿಸಿತು. ಬೇರೆ ಬೇರೆಯಾಗಿ ಓದಿದರೆ, ಜಿಪಿಎಯಲ್ಲಿರುವುದು ಸ್ವತ್ತನ್ನು ನೋಡಿಕೊಳ್ಳುವ, ವ್ಯವಹರಿಸುವ ಸಾಮಾನ್ಯ ಅಧಿಕಾರ. ಪಡೆದವರ ಹಿತ ಕಾಪಾಡಲು ಕೊಟ್ಟದ್ದು ಎಂಬ ಮಾತು ಅದರಲ್ಲಿ ಇಲ್ಲ. ‘ಹಿಂತೆಗೆದುಕೊಳ್ಳಲಾಗದ’ ಎಂಬ ಪದ ಸೇರಿಸಿದ ಮಾತ್ರಕ್ಕೆ ಪತ್ರದ ಸ್ವರೂಪ ಬದಲಾಗದು. ಕರಾರಾದರೋ 54ನೇ ಕಲಮಿನ ಪ್ರಕಾರ ಯಾವ ಹಿತವನ್ನೂ ಹುಟ್ಟಿಸಿಲ್ಲ. ಸರಿ, ಕೂಡಿಸಿಯೇ ಓದೋಣ ಎಂದರೆ, ಎರಡೂ ಸೇರಿ ಸ್ಥಿರಾಸ್ತಿಯಲ್ಲಿ ಹಿತ ಹುಟ್ಟಿಸುವ ಪತ್ರವಾಗುತ್ತವೆ. ಅಂಥ ಪತ್ರಕ್ಕೆ ನೋಂದಣಿ ಕಾಯ್ದೆ 1908ರ 17ನೇ ಕಲಮಿನಡಿ ನೋಂದಣಿ ಕಡ್ಡಾಯ. ಕರಾರು ನೋಂದಣಿಯಾಗಿಲ್ಲ. ಹೀಗೆ ಯಾವ ದಾರಿ ಹಿಡಿದರೂ ಹಿತ ಸಿದ್ಧವಾಗಲಿಲ್ಲ, ಅಪವಾದ ಒದಗಲಿಲ್ಲ.

ಫಲ: ಮಾಲೀಕರು ಸತ್ತ ಗಳಿಗೆಯಲ್ಲೇ ಜಿಪಿಎ ಮುಗಿಯಿತು, ಅದೇ ಗಳಿಗೆಯಲ್ಲಿ ನಿವೇಶನ ವಾರಸುದಾರರಿಗೆ ಇಳಿಯಿತು. ಉತ್ತರಾಧಿಕಾರಕ್ಕೆ ನೋಂದಣಿಯೂ ಬೇಡ, ಖಾತಾ ಬದಲಾವಣೆಯೂ ಬೇಡ. 14 ತಿಂಗಳ ನಂತರ ಬರೆದ ಕ್ರಯಪತ್ರಕ್ಕೆ ಮುದ್ರಾಂಕ ಕಟ್ಟಿದ್ದರೂ, ಉಪನೋಂದಣಾಧಿಕಾರಿ ಮೊಹರು ಹಾಕಿದ್ದರೂ, ಅದರ ಹಿಂದೆ ಅಧಿಕಾರವೇ ಇರಲಿಲ್ಲ. 2003ರ ಕ್ರಯ ತಡವಾದದ್ದೇ ಆದರೂ, ಸಹಿ ಹಾಕಿದವರು ಅಂದಿನ ಮಾಲೀಕರು. ಅದರ ಮೇಲೆ ನಿಂತ ಸೆಪ್ಟೆಂಬರ್ ಕ್ರಯ, 2004ರ ದಾನಪತ್ರ ಎರಡೂ ಗಟ್ಟಿಯಾದವು.

ಕರಾರು ಕಾಯ್ದೆಯ 208ನೇ ಕಲಮನ್ನೂ ಇಲ್ಲಿ ಗಮನಿಸಬೇಕು. ಏಜೆನ್ಸಿ ಮುಗಿದದ್ದು ಏಜೆಂಟ್‌ಗಾಗಲಿ ಮೂರನೆಯವರಿಗಾಗಲಿ ತಿಳಿಯುವವರೆಗೆ ಅವರ ಮಟ್ಟಿಗೆ ಅದು ಜಾರಿಯಾಗುವುದಿಲ್ಲ ಎನ್ನುತ್ತದೆ ಆ ಕಲಮು. ಪ್ರಧಾನರ ಸಾವು ತಿಳಿಯದೆ ಹೊರಗಿನವರು ಕೊಂಡಿದ್ದರೆ ಈ ಆಸರೆ ಹಿಡಿಯಬಹುದು. ತಾಯಿಯಿಂದ ಮಗ ಕೊಂಡಾಗ, ಅದೂ ಸಾವಾಗಿ ವರ್ಷ ದಾಟಿದ ಮೇಲೆ, ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವುದು ಬಹಳ ಕಷ್ಟ.

ಕೈತಪ್ಪಿದ ಹನ್ನೊಂದು ವರ್ಷ

1986ರ ಏಪ್ರಿಲ್‌ನಿಂದ 1997ರ ಜನವರಿವರೆಗೆ ಸುಮಾರು ಹನ್ನೊಂದು ವರ್ಷ ಮಾಲೀಕರು ಬದುಕಿದ್ದರು. ಆ ಅವಧಿಯ ಯಾವುದೇ ದಿನ ಅವರೇ ಬಂದು ಕ್ರಯಪತ್ರಕ್ಕೆ ಸಹಿ ಹಾಕಿದ್ದರೆ ಅಥವಾ ಅದೇ ಜಿಪಿಎ ಬಳಸಿ ಅವರ ಜೀವಿತಕಾಲದಲ್ಲೇ ಕ್ರಯವಾಗಿದ್ದರೆ ಅಧಿಕಾರದ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಿಪಿಎ ಮೇಲೆ ಮಾಡಿದ ಕ್ರಯ ಕಾನೂನುಬಾಹಿರವಲ್ಲ. ಪ್ರಧಾನರು ಬದುಕಿದ್ದು, ಅಧಿಕಾರ ರದ್ದಾಗಿರದೆ, ಮಾರುವ ಅಧಿಕಾರ ಪತ್ರದಲ್ಲಿ ಸ್ಪಷ್ಟವಾಗಿದ್ದರೆ ಅದು ಪೂರ್ಣ ಕ್ರಯವೇ. ಜಿಪಿಎಯನ್ನೇ ಕ್ರಯವೆಂದು ತಿಳಿದು ಸುಮ್ಮನೆ ಕೂರುವುದು ತಪ್ಪು.

ಮಾಲೀಕರು ಸತ್ತ ಮೇಲೂ ಒಂದು ದಾರಿ ತೆರೆದಿತ್ತು, ಮತ್ತು ನಮ್ಮ ಅಭಿಪ್ರಾಯದಲ್ಲಿ ಅದೇ ನೆಟ್ಟಗಿನ ದಾರಿ. ಕರಾರು ಮಾಲೀಕರ ಜೊತೆ ಸಾಯುವುದಿಲ್ಲ, ವಾರಸುದಾರರನ್ನೂ ಕಟ್ಟುತ್ತದೆ. ಅವರಿಗೆ ನೋಟಿಸು ಕೊಟ್ಟು ಕ್ರಯಪತ್ರ ಕೇಳಬೇಕು. ಒಪ್ಪದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆ 1963ರಡಿ ಕರಾರು ಜಾರಿ ಕೋರಿ ದಾವೆ ಹೂಡಬೇಕು. ವಾಯಿದೆ ಕಾಯ್ದೆಯ 54ನೇ ಅನುಚ್ಛೇದದಂತೆ ಇದಕ್ಕೆ ಮೂರು ವರ್ಷ. ಕರಾರಿನಲ್ಲಿ ದಿನಾಂಕ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ನಿರಾಕರಣೆ ತಿಳಿದ ದಿನದಿಂದ ಎಣಿಕೆ. ವಾರಸುದಾರರು ಅಷ್ಟರಲ್ಲಿ ಬೇರೆಯವರಿಗೆ ಮಾರಿದ್ದರೆ ಆ ಕೊಂಡವರನ್ನೂ ಪ್ರತಿವಾದಿ ಮಾಡಬಹುದು. ಕರಾರಿನ ವಿಷಯ ತಿಳಿಯದೆ, ಸದ್ಭಾವನೆಯಿಂದ, ಬೆಲೆ ಕೊಟ್ಟು ಕೊಂಡದ್ದನ್ನು ತೋರಿಸದಿದ್ದರೆ ಅವರೂ ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಕಲಮಿನಡಿ ಕಟ್ಟುಬೀಳುತ್ತಾರೆ.

‘ತಿಳಿಯದೆ’ ಎನ್ನುವುದನ್ನೂ ಕಾನೂನು ಅಳೆಯುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನ ಎರಡನೇ ವಿವರಣೆಯಂತೆ, ನಿವೇಶನ ವಾಸ್ತವವಾಗಿ ಯಾರ ಅನುಭವದಲ್ಲಿದೆಯೋ ಅವರ ಹಕ್ಕು ಏನೆಂಬುದು ಕೊಳ್ಳುವವರಿಗೆ ತಿಳಿದಿದೆ ಎಂದೇ ಭಾವಿಸಲಾಗುತ್ತದೆ. ಹಾಗಾಗಿ ಕಾಂಪೌಂಡ್ ಹಾಕಿ, ಶೆಡ್ ಕಟ್ಟಿ, ಕರೆಂಟ್ ಮೀಟರ್ ಪಡೆದು ಅಲ್ಲೇ ಇದ್ದ ಕರಾರುದಾರರ ಕೈ ಬಲವಾಗಿರುತ್ತದೆ. ಸೈಟನ್ನು ಬಯಲು ಬಿಟ್ಟು ಕಾಗದ ಬೀರುವಿನಲ್ಲಿಟ್ಟವರಿಗೆ ಈ ಬಲ ಇಲ್ಲ.

ಅನುಭವ ಇದ್ದರೆ ಎಷ್ಟರ ಮಟ್ಟಿಗೆ ರಕ್ಷಣೆ?

ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಮು ಕರಾರಿನಂತೆ ಸ್ವಾಧೀನ ಪಡೆದವರನ್ನು ಕಾಪಾಡುತ್ತದೆ. ಕರಾರು ಲಿಖಿತವಾಗಿರಬೇಕು, ಬರೆದುಕೊಟ್ಟವರ ಸಹಿ ಇರಬೇಕು, ಆ ಕರಾರಿನ ಮೇಲೆಯೇ ಸ್ವಾಧೀನ ಬಂದಿರಬೇಕು, ತಮ್ಮ ಪಾಲಿನದನ್ನು ನೆರವೇರಿಸಿರಬೇಕು ಅಥವಾ ನೆರವೇರಿಸಲು ಸಿದ್ಧರಿರಬೇಕು. ಇಷ್ಟಿದ್ದರೆ ಮಾಲೀಕರೂ ಅವರ ವಾರಸುದಾರರೂ ಬಂದು ಎಬ್ಬಿಸುವಂತಿಲ್ಲ. ಕರಾರು ಜಾರಿಯ ದಾವೆಗೆ ವಾಯಿದೆ ಮುಗಿದಿದ್ದರೂ ಈ ರಕ್ಷಣೆ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೆ ಇದು ಎಬ್ಬಿಸಲು ಬಂದವರನ್ನು ತಡೆಯಲು ಮಾತ್ರ. ಇದನ್ನು ಹಿಡಿದು ‘ನಾನೇ ಮಾಲೀಕ’ ಎಂದು ಘೋಷಣೆ ಕೇಳಲಾಗದು, ಇನ್ನೊಬ್ಬರಿಗೆ ಮಾರಲಾಗದು, ಬ್ಯಾಂಕ್ ಸಾಲಕ್ಕೆ ಅಡವಿಡಲಾಗದು. ಕರಾರಿನ ಸುದ್ದಿ ತಿಳಿಯದೆ ಬೆಲೆ ಕೊಟ್ಟು ಕೊಂಡವರ ಎದುರು ಈ ರಕ್ಷಣೆಯೂ ನಿಲ್ಲದು.

2001ರ ಸೆಪ್ಟೆಂಬರ್ 24 ಇಲ್ಲಿ ಮುಖ್ಯ ದಿನಾಂಕ. ಆ ದಿನದಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನಂತರ ಬರೆದ ಕರಾರು ನೋಂದಣಿಯಾಗದಿದ್ದರೆ 53ಎ ರಕ್ಷಣೆ ಇಲ್ಲ. ಅದಕ್ಕಿಂತ ಹಿಂದಿನ ಕರಾರುಗಳಿಗೆ ಈ ಷರತ್ತು ಇಲ್ಲ. ಕೈಯಲ್ಲಿರುವ ಕರಾರು ಯಾವ ವರ್ಷದ್ದು ಎಂಬುದನ್ನು ವಕೀಲರು ಮೊದಲು ಕೇಳುವುದು ಇದಕ್ಕೇ.

‘12 ವರ್ಷ ಅನುಭವದಲ್ಲಿದ್ದೇವೆ, ಇನ್ನು ನಮ್ಮದೇ’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ವಾಯಿದೆ ಕಾಯ್ದೆಯ 65ನೇ ಅನುಚ್ಛೇದದ 12 ವರ್ಷ ಎಣಿಸುವುದು ಪ್ರತಿಕೂಲ ಸ್ವಾಧೀನಕ್ಕೆ, ಅಂದರೆ ಮಾಲೀಕರ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ ಅನುಭವಿಸಿದ್ದಕ್ಕೆ. ಕರಾರಿನ ಮೇಲೆ ಒಳಗೆ ಬಂದವರು ಮಾಲೀಕರ ಹಕ್ಕನ್ನು ಒಪ್ಪಿಕೊಂಡೇ ಬಂದವರು. ‘ನಿಮ್ಮಿಂದ ಕೊಳ್ಳುತ್ತೇನೆ’ ಎಂದು ಬಂದವರು ಅದೇ ಉಸಿರಿನಲ್ಲಿ ‘ನಿಮಗೆ ಹಕ್ಕೇ ಇಲ್ಲ’ ಎನ್ನಲಾಗದು. ಎರಡೂ ವಾದವನ್ನು ಒಂದೇ ದಾವೆಯಲ್ಲಿ ಎತ್ತಿ ಎರಡನ್ನೂ ಕಳೆದುಕೊಂಡವರಿದ್ದಾರೆ.

ಖಾತಾ, ಕಂದಾಯ, ಇಸಿ

ಇಂಥ ವ್ಯಾಜ್ಯಗಳಲ್ಲಿ ಜಿಪಿಎ ಕಡೆಯವರ ಫೈಲು ದಪ್ಪವಾಗಿರುತ್ತದೆ. ಖಾತಾ ಪ್ರಮಾಣಪತ್ರ, ಇಪ್ಪತ್ತು ವರ್ಷದ ಕಂದಾಯ ರಸೀದಿ, ನೀರಿನ ಬಿಲ್ಲು. ಇವೆಲ್ಲ ತೋರಿಸುವುದು ಕಂದಾಯ ಯಾರಿಂದ ವಸೂಲಾಯಿತು ಎಂಬುದನ್ನು. ಬೆಂಗಳೂರು ನಗರ ಪಾಲಿಕೆ ಪಕ್ಷಕಾರನಾಗಿದ್ದ 1989ರ ಪ್ರಕರಣದಲ್ಲೇ, ಕಂದಾಯ ದಾಖಲೆಗಳು ಹಕ್ಕಿನ ಪತ್ರಗಳಲ್ಲ ಎಂದು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತ್ತು. ಪಹಣಿ ನಮೂದಿಗೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಕಲಮು ಒಂದು ಪೂರ್ವಭಾವನೆ ಕೊಡುತ್ತದೆ, ನಿಜ. ಬೇರೆ ರೀತಿ ಸಾಬೀತಾಗುವವರೆಗೆ ಅದು ಸರಿ ಎಂದು ಭಾವಿಸಬೇಕು. ಎದುರು ಕಡೆಯವರು ಮಾಲೀಕರಿಂದ ಪಡೆದ ನೋಂದಾಯಿತ ಕ್ರಯಪತ್ರ ತಂದಿಟ್ಟರೆ ಆ ಪೂರ್ವಭಾವನೆ ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಇ-ಖಾತಾ ಬಂದರೆ ಹಕ್ಕು ಪಕ್ಕಾ ಎಂಬ ನಂಬಿಕೆ ಹಬ್ಬಿದೆ. ನೋಂದಣಿಗೆ ಅದು ಬೇಕೇ ಬೇಕು. ಹಕ್ಕಿನ ತೀರ್ಮಾನ ಮಾತ್ರ ಮೂಲಪತ್ರಗಳಲ್ಲೇ ಆಗಬೇಕು.

ಋಣಭಾರ ಪ್ರಮಾಣಪತ್ರದ, ಅಂದರೆ ಇಸಿಯ ಮಿತಿ ಇನ್ನೂ ಸೂಕ್ಷ್ಮವಾದದ್ದು. ಉಪನೋಂದಣಿ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿವೆ. ಸ್ಥಿರಾಸ್ತಿಗೆ ಸಂಬಂಧಿಸಿದ ಕ್ರಯ, ದಾನ, ಅಡಮಾನ, ಪಾಲುಪತ್ರ 1ನೇ ಪುಸ್ತಕಕ್ಕೆ ಹೋಗುತ್ತವೆ. ವಿಲ್ 3ನೇ ಪುಸ್ತಕಕ್ಕೆ. ಜಿಪಿಎ ಸಾಮಾನ್ಯವಾಗಿ 4ನೇ ಪುಸ್ತಕಕ್ಕೆ. ಇಸಿ ತಯಾರಾಗುವುದು 1ನೇ ಪುಸ್ತಕದ ಸೂಚಿಯಿಂದ. ಆದ್ದರಿಂದ ಜಿಪಿಎ ನೋಂದಣಿಯಾಗಿದ್ದರೂ ಇಸಿಯಲ್ಲಿ ಕಾಣದೆ ಹೋಗಬಹುದು, ನೋಂದಣಿಯಾಗದ ಕರಾರಂತೂ ಕಾಣುವುದೇ ಇಲ್ಲ. ಮೌಖಿಕ ಪಾಲು, ಮಾಲೀಕರ ಸಾವು, ನಡೆಯುತ್ತಿರುವ ದಾವೆ ಇವೂ ಅದರಲ್ಲಿ ಬರುವುದಿಲ್ಲ. ನಮೂನೆ 16ರಲ್ಲಿ ‘ಋಣಭಾರ ಇಲ್ಲ’ ಎಂದು ಬಂದರೆ, ಆ ಅವಧಿಯಲ್ಲಿ ಆ ಪುಸ್ತಕದಲ್ಲಿ ನಮೂದು ಇಲ್ಲ ಎಂದಷ್ಟೇ ಅರ್ಥ. ಇನ್ನು, 1998ರ ಕ್ರಯ ನೋಂದಣಿಯಾದದ್ದರಿಂದ 2003ರಲ್ಲಿ ಇಸಿ ತೆಗೆಸಿದವರಿಗೆ ಕಾಣುವಂಥದ್ದೇ. ಅದು ಕಂಡ ಮೇಲೆ ಕೇಳಬೇಕಾದದ್ದು ‘ನೋಂದಣಿ ಆಗಿದೆಯೇ’ ಎಂದಲ್ಲ, ‘ಮಾರಿದವರು ಯಾರು, ಯಾವ ಅಧಿಕಾರದಿಂದ, ಅಂದು ಮಾಲೀಕರು ಬದುಕಿದ್ದರೇ’ ಎಂದು.

ಈ ಪ್ರಶ್ನೆಯನ್ನು ಉಪನೋಂದಣಾಧಿಕಾರಿ ಕೇಳಿರುತ್ತಾರೆ ಎಂದು ನಂಬಿ ಕೂರಬಾರದು. ಮಾರುವವರಿಗೆ ಹಕ್ಕಿದೆಯೇ ಎಂದು ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದುಮಾಡುತ್ತ ಮತ್ತೆ ಹೇಳಿತು. ಹಕ್ಕಿನ ತನಿಖೆ ಕೊಳ್ಳುವವರ ಹೊಣೆ.

ಹಿಂದಿನ ತೀರ್ಪಿನ ನೆರಳು

ಜಿಪಿಎ ಕ್ರಯದ ಮಾತು ಬಂದಾಗ ಎಲ್ಲರೂ ಉಲ್ಲೇಖಿಸುವುದು 2011ರ ಅಕ್ಟೋಬರ್ 11ರ ಸೂರಜ್ ಲ್ಯಾಂಪ್ ಅಂಡ್ ಇಂಡಸ್ಟ್ರೀಸ್ ವಿರುದ್ಧ ಹರಿಯಾಣ ರಾಜ್ಯ ತೀರ್ಪನ್ನು. ಪೀಠದ ಮುಖ್ಯಸ್ಥರು ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಗುರುಗ್ರಾಮದ ವಜೀರಾಬಾದ್‌ನ ಎರಡೂವರೆ ಎಕರೆಯನ್ನು 1991ರಲ್ಲಿ ಕರಾರು, ಜಿಪಿಎ, ವಿಲ್ ಈ ಮೂರರ ಮೇಲೆ 7,16,695 ರೂಪಾಯಿಗೆ ಕೊಂಡೆವೆಂದು ಕಂಪನಿಯೊಂದು ಹೇಳಿತ್ತು. ಅದರಲ್ಲಿ ಒಂದು ಎಕರೆಯನ್ನು 60 ಲಕ್ಷಕ್ಕೆ ಮಾರುವ ಬಾಯಿಮಾತು 1996ರಲ್ಲಿ ಆಗಿತ್ತಂತೆ. ಆದರೆ ಕೊಳ್ಳಬೇಕಾದವರು ನೇರವಾಗಿ ಮೂಲ ಮಾಲೀಕರ ಬಳಿ ಹೋಗಿ 1997ರಲ್ಲಿ ಇಡೀ ಜಮೀನಿಗೆ ತಮ್ಮ ಹೆಸರಿಗೇ ಜಿಪಿಎ ಬರೆಸಿಕೊಂಡು ಹಳೆಯದನ್ನು ರದ್ದು ಮಾಡಿಸಿದರು ಎಂಬುದು ಕಂಪನಿಯ ದೂರು. ಇಂಥ ವ್ಯವಹಾರಗಳು ವರ್ಗಾವಣೆಯೂ ಅಲ್ಲ, ಕ್ರಯವೂ ಅಲ್ಲ ಎಂದು ಕೋರ್ಟ್ ಹೇಳಿತು. ಆ ಮೂರನೇ ಪತ್ರವಾದ ವಿಲ್ ಕೂಡ ಬರೆದವರು ಬದುಕಿರುವಾಗ ಏನನ್ನೂ ದಾಟಿಸುವುದಿಲ್ಲ, ಎಂದು ಬೇಕಾದರೂ ರದ್ದಾಗಬಹುದು.

ಈ ತೀರ್ಪಿನ ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ. ತಾನು ಹೊಸ ಕಾನೂನು ಮಾಡುತ್ತಿಲ್ಲ, ಹಳೆಯ ಕಾನೂನನ್ನೇ ನೆನಪಿಸುತ್ತಿದ್ದೇನೆ ಎಂದಿತು ಕೋರ್ಟ್. ಅಂಥ ಪತ್ರಗಳು ಕ್ರಯದ ಕರಾರಾಗಿ ಉಳಿಯುತ್ತವೆ, ಅವುಗಳ ಮೇಲೆ ಕರಾರು ಜಾರಿ ಕೇಳಬಹುದು, 53ಎ ಅಡಿ ಸ್ವಾಧೀನ ಕಾಪಾಡಿಕೊಳ್ಳಬಹುದು, ನೋಂದಾಯಿತ ಕ್ರಯಪತ್ರ ಪಡೆದು ಹಕ್ಕನ್ನು ಪೂರ್ಣ ಮಾಡಿಕೊಳ್ಳಬಹುದು. ಹೆಂಡತಿಗೋ ಮಗನಿಗೋ ತಂಗಿಗೋ ಕೊಟ್ಟ ನಿಜವಾದ ಜಿಪಿಎಗೆ, ಬಿಲ್ಡರ್‌ಗೆ ಅಭಿವೃದ್ಧಿ ಕರಾರಿನೊಡನೆ ಕೊಟ್ಟ ಜಿಪಿಎಗೆ ತೊಂದರೆ ಇಲ್ಲ.

ಇಂಥದೇ ಕಾಗದ ಕೈಯಲ್ಲಿದ್ದರೆ

ಮೊದಲು ತಿಳಿಯಬೇಕಾದದ್ದು ಬರೆದುಕೊಟ್ಟವರು ಇಂದು ಬದುಕಿದ್ದಾರೆಯೇ ಎಂಬುದನ್ನು. ಬದುಕಿದ್ದರೆ ತಡಮಾಡಬಾರದು. ಅವರಿಂದಲೇ ನೇರವಾಗಿ ನಿಮ್ಮ ಹೆಸರಿಗೆ ಕ್ರಯಪತ್ರ ಮಾಡಿಸಿ. ಅವರು ಕಚೇರಿಗೆ ಬರಲಾಗದಷ್ಟು ಅಶಕ್ತರಾಗಿದ್ದರೆ ಅಧಿಕಾರಿಯೇ ಮನೆಗೆ ಬಂದು ನೋಂದಣಿ ಮಾಡಿಕೊಳ್ಳಲು 1908ರ ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ. ಪತ್ರದಲ್ಲಿ ಹಳೆಯ ಕರಾರಿನ ದಿನಾಂಕ, ಅಂದು ಸಂದ ಹಣ, ಅಂದೇ ಕೊಟ್ಟ ಸ್ವಾಧೀನ ಮೂರನ್ನೂ ಬರೆಸಬೇಕು. ಚೆಕ್ಕುಬಂದಿಯನ್ನು ಹಳೆಯ ಕಾಗದದಿಂದ ನಕಲು ಮಾಡದೆ ಸ್ಥಳದಲ್ಲಿ ಅಳೆದು ಬರೆಸಬೇಕು. ಪೂರ್ವಕ್ಕೆ ಖಾಲಿ ಸೈಟಿದ್ದ ಕಡೆ ಈಗ ರಸ್ತೆ ಬಂದಿರುತ್ತದೆ, ಮುಂದೆ ಗುರುತು ಹಿಡಿಯುವಾಗ ಅಲ್ಲೇ ಎಡವುತ್ತಾರೆ.

ಖರ್ಚು ಲೆಕ್ಕ ಹಾಕುವುದು ಹಳೆಯ ಬೆಲೆಯ ಮೇಲಲ್ಲ, ಸರ್ಕಾರ ಗೊತ್ತುಮಾಡಿದ ಇಂದಿನ ಮಾರ್ಗಸೂಚಿ ಬೆಲೆಯ ಮೇಲೆ. ನಗರ ಪ್ರದೇಶದಲ್ಲಿ 60 ಲಕ್ಷ ರೂಪಾಯಿ ಮೌಲ್ಯಕ್ಕೆ ಮುದ್ರಾಂಕ ಶುಲ್ಕ ಶೇ 5ರಂತೆ 3,00,000. ಅದರ ಮೇಲೆ ಶೇ 10 ಸೆಸ್ 30,000, ಶೇ 2 ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2, ಅಂದರೆ 1,20,000. ಒಟ್ಟು 4,56,000 ರೂಪಾಯಿ. ಸ್ವಾಧೀನ ಸಹಿತ ಕರಾರಿಗೆ ಹಿಂದೆಯೇ ಕ್ರಯದಷ್ಟು ಮುದ್ರಾಂಕ ಕಟ್ಟಿದ್ದರೆ ಅದನ್ನು ವಜಾ ಮಾಡಿಸಿಕೊಳ್ಳಬಹುದು. ಈ ಖರ್ಚಿಗೆ ಹೆದರಿ ಮುಂದೂಡಿದಷ್ಟೂ ಮೊತ್ತ ಬೆಳೆಯುತ್ತದೆ, ಬರೆದುಕೊಟ್ಟವರ ವಯಸ್ಸೂ ಏರುತ್ತದೆ.

ಬರೆದುಕೊಟ್ಟವರು ತೀರಿಹೋಗಿದ್ದರೆ ಆ ಜಿಪಿಎ ಬಳಸಿ ಯಾವ ಪತ್ರವನ್ನೂ ಮಾಡಬಾರದು. ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ, ವಾರಸುದಾರರೆಲ್ಲರಿಂದ ಕ್ರಯಪತ್ರ ಪಡೆಯಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪುರುಷರ ಸ್ವಂತ ಸ್ವತ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ ಎಲ್ಲರೂ ಸಮಾನ ವಾರಸುದಾರರು. ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಮಕ್ಕಳೂ ಸೇರುತ್ತಾರೆ. ಹೆಚ್ಚು ತಪ್ಪಾಗುವುದು ಇಲ್ಲೇ: ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ವಂಶವೃಕ್ಷದಲ್ಲಿ ಬಿಟ್ಟು ಅಣ್ಣತಮ್ಮಂದಿರ ಸಹಿ ಮಾತ್ರ ಹಾಕಿಸುತ್ತಾರೆ. ಆಗ ಅವರ ಪಾಲು ಕೊಂಡವರಿಗೆ ದಾಟುವುದಿಲ್ಲ, ಮುಂದೆ ಪಾಲಿನ ದಾವೆ ಬರುತ್ತದೆ. ಅಪ್ರಾಪ್ತರಿಗೆ ಬಂದ ಪ್ರತ್ಯೇಕ ಪಾಲನ್ನು ಪೋಷಕರು ಮಾರಬೇಕಾದರೆ ಕೋರ್ಟಿನ ಪೂರ್ವಾನುಮತಿ ಬೇಕು.

ವಾರಸುದಾರರು ಒಪ್ಪದಿದ್ದರೆ ವಕೀಲರ ನೋಟಿಸು, ನಂತರ ಕರಾರು ಜಾರಿಯ ದಾವೆ. ನೋಟಿಸಿಗೆ ‘ಇಲ್ಲ’ ಎಂಬ ಉತ್ತರ ಬಂದ ದಿನವನ್ನು ಬರೆದಿಟ್ಟುಕೊಳ್ಳಬೇಕು, ಅದಕ್ಕೂ ಮೊದಲು ನಿರಾಕರಣೆ ತಿಳಿದಿರದಿದ್ದರೆ ಮೂರು ವರ್ಷ ಅಲ್ಲಿಂದ ಓಡುತ್ತದೆ. ನೋಂದಣಿಯಾಗದ ಕರಾರನ್ನೂ ಇಂಥ ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ನೋಂದಣಿ ಕಾಯ್ದೆಯ 49ನೇ ಕಲಮಿನ ಪರಂತುಕ ಬಿಡುತ್ತದೆ. ಮುದ್ರಾಂಕದ ಕೊರತೆಗೆ ಮಾತ್ರ ಆ ರಿಯಾಯಿತಿ ಇಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 34ನೇ ಕಲಮಿನಂತೆ ಕೊರತೆಯ ಮೊತ್ತದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಮಾತ್ರ ಪತ್ರ ಸಾಕ್ಷ್ಯವಾಗುತ್ತದೆ. ಕೊರತೆ 30,000 ಆದರೆ ಕಟ್ಟಬೇಕಾದದ್ದು 3,30,000. ವಿಚಾರಣಾ ನ್ಯಾಯಾಲಯ ಈ ದಂಡವನ್ನು ಇಳಿಸುವಂತಿಲ್ಲ ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇಳಿಸುವ ವಿವೇಚನೆ ಇರುವುದು ಜಿಲ್ಲಾಧಿಕಾರಿ ಹಂತದಲ್ಲಿ. ಹಾಗಾಗಿ ದಾವೆಗೆ ಮೊದಲೇ ಮುದ್ರಾಂಕದ ಸ್ಥಿತಿಯನ್ನು ವಕೀಲರಿಂದ ನೋಡಿಸಿ, ಕೊರತೆಯಿದ್ದರೆ ಆ ದಾರಿಯಲ್ಲಿ ಸರಿಪಡಿಸಿಕೊಳ್ಳುವುದು ಲೇಸು.

ದಾವೆಯ ಸ್ವರೂಪವೂ ಸರಿಯಾಗಿರಬೇಕು. ಎದುರು ಕಡೆಯವರ ಕೈಯಲ್ಲಿ ನೋಂದಾಯಿತ ಪತ್ರವಿದ್ದು ಹಕ್ಕಿನ ಮೇಲೇ ಮೋಡ ಕವಿದಿರುವಾಗ ಬರೀ ನಿರ್ಬಂಧಕಾಜ್ಞೆ ಕೇಳಿದರೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ಕೈಬಿಟ್ಟಿದ್ದರೆ ಸ್ವಾಧೀನವನ್ನೂ ಕೇಳಬೇಕು. ಕರಾರು ಮಾತ್ರ ಇರುವವರು ಘೋಷಣೆ ಕೇಳಿದರೆ ಅದು ವಜಾ ಆಗುತ್ತದೆ, ಅಷ್ಟರಲ್ಲಿ ಕರಾರು ಜಾರಿಯ ಮೂರು ವರ್ಷವೂ ಕಳೆದಿರುತ್ತದೆ.

ಹಕ್ಕಿನ ಸರಪಳಿಯಲ್ಲಿ ಜಿಪಿಎ ಮೇಲೆ ಮಾಡಿದ ಕ್ರಯದ ಕೊಂಡಿಯಿರುವ ಸೈಟನ್ನು ಕೊಳ್ಳಲು ಹೊರಟವರು ಆ ಕೊಂಡಿಯ ಪತ್ರಕ್ಕೆ ಸಹಿ ಬಿದ್ದ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಜಿಪಿಎ ಕೊಟ್ಟವರು ಅಂದು ಬದುಕಿದ್ದರೆಂಬುದಕ್ಕೆ ಆಧಾರವೇನು ಎಂದು ಬರೆಯಬೇಕು. ಮಾರುವವರ ಬಾಯಿಮಾತಾಗಲಿ ಅಫಿಡವಿಟ್ಟಾಗಲಿ ಆಧಾರವಲ್ಲ. ಜಿಪಿಎ ಕೊಟ್ಟವರ ಮನೆಗೆ ಹೋಗಿ ಅವರನ್ನೋ ಅವರ ಮಕ್ಕಳನ್ನೋ ಕಂಡು ಕೇಳಬೇಕು. ಮಕ್ಕಳು ‘ಅಪ್ಪ ಹೋಗಿ ವರ್ಷಗಳಾದವು’ ಎಂದರೆ ಮರಣ ಪ್ರಮಾಣಪತ್ರದ ದಿನಾಂಕವನ್ನು ಕ್ರಯಪತ್ರದ ದಿನಾಂಕದ ಪಕ್ಕ ಇಟ್ಟು ನೋಡಬೇಕು. ಸಾವು ಮೊದಲು, ಕ್ರಯ ಆಮೇಲೆ ಎಂದಾದರೆ ಮುಂಗಡದ ಚೆಕ್ ಬರೆಯುವ ಮೊದಲು ಆ ಮಕ್ಕಳೆಲ್ಲರ ಸಹಿಯಿರುವ ಹೊಸ ಕ್ರಯಪತ್ರವನ್ನು ಮಾರುವವರ ಹೆಸರಿಗೆ ಮಾಡಿಸಿ ತರುವಂತೆ ಹೇಳಬೇಕು.